ಬುಲೆಟ್ ಇಂಜಿನ್‌ಗೆ ಮನೆಯಲ್ಲೇ ಹೀಟ್ ಪೇಂಟ್: ಬ್ಯಾರಲ್ ಉಳಿಯಿತು, ಕಾರ್ಬೊರೇಟರ್ ಉಳಿಯಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಸ್ಪ್ರೇ ಡಬ್ಬದಲ್ಲಿ ಬರುವ ಹೀಟ್ ಪೇಂಟ್, ಅಂದರೆ ಶಾಖ ತಡೆಯುವ ಬಣ್ಣ, ಇಂಜಿನ್ ಬ್ಯಾರಲ್‌ಗೆ (ಪಿಸ್ಟನ್ ಓಡಾಡುವ ಸಿಲಿಂಡರ್) ಒಳ್ಳೆಯ ಮಾಲು. ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ಗೆ ದುಡ್ಡು ದಂಡ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು.

ನನ್ನದು ಹಳೇ ಕಾಸ್ಟ್ ಐರನ್ ಬುಲೆಟ್ 350. ಯೂನಿಟ್ ಇಂಜಿನ್ (ಇಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು) ಬರುವುದಕ್ಕೆ ಮುಂಚಿನದು. ಇದರ ಹೆಡ್ಡು (ಬ್ಯಾರಲ್ ಮೇಲೆ ಕೂರುವ ಭಾಗ) ಅಲ್ಯೂಮಿನಿಯಂ, ಬ್ಯಾರಲ್ ಮಾತ್ರ ಬೀಡು ಕಬ್ಬಿಣ. ನಾನಿರುವುದು ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ. ಇಲ್ಲಿನ ಮಳೆಗಾಲದಲ್ಲಿ ಬೀಡು ಕಬ್ಬಿಣ ಬರಿಮೈಯಲ್ಲಿ ಇದ್ದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ ಅಲ್ವಾ? ತಂಪಾಗಲಿ ಅಂತ ಬ್ಯಾರಲ್ ಸುತ್ತ ಇರುವ ಪಟ್ಟಿಗಳ, ಅಂದರೆ ಫಿನ್‌ಗಳ ನಡುವೆ ಕೆಂಪು ತುಕ್ಕು, ಒರೆಸಿದರೆ ಬಟ್ಟೆಗೆಲ್ಲ ಕಾವಿ. ಕಂಪನಿ ಬಣ್ಣ ಯಾವತ್ತೋ ಹೋಗಿತ್ತು. ಬೋರಿಂಗ್ (ಸವೆದ ಬ್ಯಾರಲ್ ಒಳಮೈಯನ್ನು ಕೊರೆದು ಸರಿಮಾಡುವುದು) ಮಾಡಿಸಲು ಹೇಗೂ ಇಂಜಿನ್ ಬಿಚ್ಚಬೇಕಾಗಿತ್ತು, ಹಾಗಾಗಿ 2022ರ ಬೇಸಿಗೆಯಲ್ಲಿ ಬ್ಯಾರಲ್, ಟೈಮಿಂಗ್ ಕವರ್ (ಇಂಜಿನ್ ಬಲಗಡೆಯ ಮುಚ್ಚಳ), ಕಾರ್ಬೊರೇಟರ್ ಮೂರಕ್ಕೂ ಒಟ್ಟಿಗೇ ಬಣ್ಣ ಹೊಡೆದೆ. ಅಲ್ಲಿಂದ ಇಲ್ಲಿಯವರೆಗೆ ಅದೇ ಗಾಡಿ, ಅದೇ ಮಳೆ, ದಿನದ ಓಡಾಟ.

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಎರಡು ಕಂಪನಿಯ ಡಬ್ಬ ಬಳಸಿದ್ದೇನೆ, ಎರಡರ ಒಳಗೂ ಇರುವುದು ಸಿಲಿಕೋನ್ ರೆಸಿನ್ ಬಣ್ಣವೇ. ಒಂದರ ನಾಜಲ್ ಚೆನ್ನಾಗಿತ್ತು, ಇನ್ನೊಂದು ಆಗಾಗ ಉಗುಳುತ್ತಿತ್ತು. ಅಷ್ಟೇ ವ್ಯತ್ಯಾಸ. ಬೆಲೆ 500 ರೂಪಾಯಿ ಆಸುಪಾಸು. ಡಬ್ಬದ ಮೇಲೆ 600 ಡಿಗ್ರಿ ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ. ಸಾಮಾನ್ಯವಾಗಿ ಆ ಲೆಕ್ಕ ಕಪ್ಪು ಮತ್ತು ಸಿಲ್ವರ್‌ಗೆ. ಕೆಂಪು, ನೀಲಿ ತರಹದ ಬಣ್ಣಗಳು ಅಷ್ಟು ಶಾಖ ತಡೆಯುವುದಿಲ್ಲ.

ಈ ಬಣ್ಣದ ಗುಣ ಒಂದು ಗೊತ್ತಿರಬೇಕು. ಹೊಡೆದ ಅರ್ಧ ಗಂಟೆಗೆ ಮುಟ್ಟಿದರೆ ಒಣಗಿದ ಹಾಗೆ ಕಾಣುತ್ತದೆ. ಒಣಗಿದೆ, ಆದರೆ ಗಟ್ಟಿಯಾಗಿಲ್ಲ. ಇದು ಗಟ್ಟಿಯಾಗುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ತಿಂದ ಮೇಲೆ. ಅಲ್ಲಿಯವರೆಗೆ ಉಗುರಲ್ಲಿ ಕೆರೆದರೂ ಏಳುತ್ತದೆ, ಪೆಟ್ರೋಲ್ ಬಿದ್ದರಂತೂ ಮುಗಿಯಿತು. ನಾನು ಕೇಳಿದ ಪ್ರತಿ ದೂರಿನ ಹಿಂದೆ, ಅಂದರೆ “ಹೊಡೆದೆ, ಹದಿನೈದು ದಿನಕ್ಕೆ ಕಿತ್ತು ಬಂತು” ಅನ್ನುವವರ ಹಿಂದೆ, ಇದೇ ಕಾರಣ ಇರುತ್ತದೆ. ಇಲ್ಲದಿದ್ದರೆ ಕೆಳಗೆ ಜಿಡ್ಡು ಉಳಿದಿರುತ್ತದೆ.

ಬ್ಯಾರಲ್ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಿವಮೊಗ್ಗ ಫೌಂಡ್ರಿಗಳ ಊರು, ಎರಕ ತೊಳೆಯಲು ಶಾಟ್ ಬ್ಲಾಸ್ಟಿಂಗ್ (ಸಣ್ಣ ಲೋಹದ ಕಾಳುಗಳನ್ನು ರಭಸದಿಂದ ಬಡಿದು ಮೈ ಸ್ವಚ್ಛ ಮಾಡುವುದು) ಮಾಡುವವರು ಸಿಗುತ್ತಾರೆ. ಅಲ್ಲಿ ಕೊಟ್ಟು ಹೊಡೆಸಿದೆ. ಬೋರಿನ ಎರಡೂ ಬಾಯಿಗೆ ಮರದ ಬಿಲ್ಲೆ ಬಡಿದು, ವಾಲ್ವ್ ತೆರೆಯುವ ಸರಳು, ಅಂದರೆ ಪುಶ್‌ರಾಡ್ ಓಡಾಡುವ ಕೊಳವೆಗೆ ರಬ್ಬರ್ ತುರುಕಿ ಕೊಟ್ಟಿದ್ದೆ. ಬುಲೆಟ್‌ನಲ್ಲಿ ಆ ಕೊಳವೆ ಬ್ಯಾರಲ್ ಒಳಗೇ ಎರಕದಲ್ಲಿ ಬಂದಿರುತ್ತದೆ, ಆಯಿಲ್ ಕೆಳಗೆ ಇಳಿಯುವುದೂ ಅದರಲ್ಲೇ, ಒಂದು ಕಾಳು ಒಳಗೆ ಉಳಿದರೂ ಆಮೇಲೆ ಇಂಜಿನ್ ಅದನ್ನು ಅರೆಯುತ್ತದೆ. ಬೋರಿಂಗ್‌ಗೆ ಮುಂಚೆಯೇ ಬ್ಲಾಸ್ಟಿಂಗ್ ಮಾಡಿಸುವುದು ವಾಸಿ, ಒಳಗೆ ಏನೇ ಗೀರು ಬಿದ್ದರೂ ಬೋರಿಂಗ್‌ನಲ್ಲಿ ಹೋಗುತ್ತದೆ.

ಬ್ಲಾಸ್ಟ್ ಆಗಿ ಬಂದ ಬ್ಯಾರಲ್ ನೋಡಬೇಕು, ಬೂದು ಬಣ್ಣ, ಒಂದು ಚುಕ್ಕೆ ತುಕ್ಕಿಲ್ಲ. ಆದರೆ ಆ ಬರಿಮೈಗೆ ನಮ್ಮ ಗಾಳಿ ಆಗಿಬರುವುದಿಲ್ಲ. ಪೇಪರ್, ಪ್ಲಾಸ್ಟಿಕ್ ಸುತ್ತಿ ಮನೆಗೆ ತರುವಷ್ಟರಲ್ಲೇ ನಾವು ಕೈಯಲ್ಲಿ ಹಿಡಿದ ಜಾಗದಲ್ಲಿ ಬೆರಳಿನ ಗುರುತು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬೆವರಿನ ಉಪ್ಪು. ಅದಕ್ಕೇ ಹೇಳುವುದು, ಅದೇ ದಿನ ಬಣ್ಣ ಹೊಡೆಯಿರಿ, ಬ್ಲಾಸ್ಟ್ ಆದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಬ್ಲಾಸ್ಟಿಂಗ್ ಸಿಗದ ಊರಲ್ಲಿ ಡ್ರಿಲ್‌ಗೆ ವೈರ್ ಬ್ರಷ್ ಹಾಕಿ ಉಜ್ಜಬೇಕು, ಫಿನ್ ಸಂದಿಗೆ ಎಮರಿ ಪೇಪರ್ ಪಟ್ಟಿ ತೂರಿಸಿ ಎಳೆಯಬೇಕು. ಬೇಜಾರಿನ ಕೆಲಸ, ಆದರೆ ಆಗುತ್ತದೆ.

ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆದು ಹಾಗೇ ಬಣ್ಣ ಹೊಡೆಯುವವರನ್ನು ನೋಡಿದ್ದೇನೆ. ಅವೆರಡೂ ಕೊಳೆ ತೆಗೆಯುತ್ತವೆ, ಜೊತೆಗೆ ಎಣ್ಣೆಯ ಪದರ ಬಿಟ್ಟುಹೋಗುತ್ತವೆ. ಕೊನೆಗೆ ಥಿನ್ನರ್‌ನಲ್ಲಿ ಒರೆಸಲೇಬೇಕು, ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ. ಇನ್ನೊಂದು ವಿಷಯ, ಪೇಂಟ್ ಅಂಗಡಿಯವರು “ಕೆಳಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೀರಿ, ಗಟ್ಟಿ ಹಿಡಿಯುತ್ತೆ” ಅನ್ನುತ್ತಾರೆ. ಗೇಟಿಗೆ, ಕಿಟಕಿ ಸರಳಿಗೆ ಸರಿ. ಇಂಜಿನ್ ಶಾಖಕ್ಕೆ ಆ ಪ್ರೈಮರ್ರೇ ಸುಟ್ಟು ಪುಡಿಯಾಗುತ್ತದೆ, ಮೇಲಿನ ಬಣ್ಣ ಎಷ್ಟು ಒಳ್ಳೆಯದಾದರೂ ಅದರ ಜೊತೆ ಉದುರುತ್ತದೆ. ಶಾಖ ತಡೆಯುವ ಪ್ರೈಮರ್ ಸಿಕ್ಕರೆ ಹೊಡೆಯಿರಿ, ಇಲ್ಲದಿದ್ದರೆ ನೇರ ಲೋಹದ ಮೇಲೆ. ನಾನು ನೇರವಾಗೇ ಹೊಡೆದಿದ್ದು.

ಪ್ಯಾಕಿಂಗ್ (ಎರಡು ಭಾಗಗಳ ನಡುವೆ ಸೋರದ ಹಾಗೆ ಹಾಕುವ ಹಾಳೆ) ಕೂರುವ ಜಾಗ, ನಟ್ ವಾಷರ್ ಕೂರುವ ಜಾಗ, ಇವಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ನಟ್ ಕೆಳಗೆ ಬಣ್ಣ ಇದ್ದರೆ ಬಿಗಿದಾಗ ಚೆನ್ನಾಗೇ ಕೂರುತ್ತದೆ, ಬಿಸಿಯಾಗಿ ಆ ಬಣ್ಣ ಕುಗ್ಗಿದ ಮೇಲೆ ನಟ್ ಸಡಿಲ. ಹೊಡೆಯುವಾಗ ಮೊದಲು ಫಿನ್ ಸಂದಿ, ಆಮೇಲೆ ಅಂಚು. ಒಂದು ಗೇಣಿನ ದೂರದಿಂದ, ತೆಳ್ಳಗೆ. ಮೊದಲ ಕೋಟ್‌ನಲ್ಲಿ ಲೋಹ ಇಣುಕುತ್ತಲೇ ಇರಬೇಕು. ಒಂದೇ ಸಲ ಮುಚ್ಚಲು ಹೋದರೆ ಸಂದಿಯಲ್ಲಿ ಬಣ್ಣ ಮಡುಗಟ್ಟಿ, ಬಿಸಿಯಾದಾಗ ಗುಳ್ಳೆ ಏಳುತ್ತದೆ.

ಬಣ್ಣ ಹೊಡೆದರೆ ಇಂಜಿನ್ ಜಾಸ್ತಿ ಬಿಸಿ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ತೆಳ್ಳಗಿನ ಮ್ಯಾಟ್ ಕಪ್ಪು ಬಣ್ಣದಿಂದ ಏನೂ ಆಗುವುದಿಲ್ಲ. ಕಪ್ಪು ಮೈ ಶಾಖ ಬಿಡುವುದರಲ್ಲಿ ಹೊಳೆಯುವ ಲೋಹಕ್ಕಿಂತ ಒಂಚೂರು ಮುಂದೆಯೇ. ದಪ್ಪ ಪದರ ಬಳಿದರೆ ಮಾತ್ರ ಕಂಬಳಿ ಹೊದಿಸಿದ ಹಾಗೆ.

ದಯವಿಟ್ಟು ಮಳೆಗಾಲದಲ್ಲಿ ಹೊಡೆಯಬೇಡಿ. ಡಬ್ಬದ ಥಿನ್ನರ್ ಆರುವಾಗ ಲೋಹದ ಮೈ ತಣ್ಣಗಾಗುತ್ತದೆ, ಥಂಡಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಕಪ್ಪು ಬಣ್ಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲೇ ಸರಿ. ಅಂಗಳದಲ್ಲಿ ಹೊಡೆಯಿರಿ, ಬಚ್ಚಲ ಒಲೆ ಉರಿಯುತ್ತಿರುವ ಕಡೆ ಬೇಡವೇ ಬೇಡ. ಸ್ಪ್ರೇ ಮಾಡುವಾಗ ಏಳುವ ಆವಿ ಬೆಂಕಿ ಹಿಡಿಯುತ್ತದೆ.

ಇನ್ನು ಬೇಯಿಸುವುದು. ಸೆಕೆಂಡ್ ಹ್ಯಾಂಡ್ ಓಟಿಜಿ ಓವನ್ ಒಂದನ್ನು ಇದಕ್ಕಂತಲೇ ತಂದೆ. ಅಡುಗೆ ಮನೆಯದನ್ನು ಬಳಸಬೇಡಿ, ಬಳಸಿದರೆ ಮತ್ತೆ ಅದರಲ್ಲಿ ಕೇಕ್ ಮಾಡಬೇಡಿ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಚರ್ಚೆಯೇ ಇರಲಿಲ್ಲ, ಓವನ್ ಕೊಟ್ಟಿಗೆ ಪಕ್ಕದ ಶೆಡ್‌ಗೆ ಹೋಯಿತು. 120 ಡಿಗ್ರಿಯಲ್ಲಿ ಅರ್ಧ ಗಂಟೆ, ಪೂರ್ತಿ ಆರಲು ಬಿಟ್ಟು, ಆಮೇಲೆ 200ರಲ್ಲಿ ಅರ್ಧ ಗಂಟೆ. ಬೀಡು ಕಬ್ಬಿಣ ಭಾರ, ಒಳಗೆ ಬಿಸಿ ಆಗಲು ಟೈಮ್ ಬೇಕು, ಹಾಗಾಗಿ ಸ್ವಲ್ಪ ಜಾಸ್ತಿಯೇ ಇಟ್ಟೆ. ಹೊಗೆ ಬರುತ್ತದೆ, ವಾಸನೆ ಜೋರಾಗೇ ಇರುತ್ತದೆ. ಓವನ್ ಇಲ್ಲದಿದ್ದರೆ ಇಂಜಿನ್ ಕೂರಿಸಿ ಹತ್ತು ನಿಮಿಷ ಓಡಿಸಿ ಆರಿಸಿ, ಮತ್ತೆ ಇನ್ನೂ ಸ್ವಲ್ಪ ಹೊತ್ತು ಓಡಿಸಿ ಆರಿಸಿ. ಬ್ಯಾರಲ್‌ನ ಮೇಲ್ಭಾಗಕ್ಕೆ ಸಾಕಾಗುತ್ತದೆ, ಬುಡಕ್ಕೆ ಅಷ್ಟು ಶಾಖ ಮುಟ್ಟುವುದಿಲ್ಲ.

ಈಗ ಹೇಗಿದೆ? ಬ್ಯಾರಲ್ ಮುಂಭಾಗ, ಗಾಳಿ ಹೊಡೆಯುವ ಕಡೆ, ಫಿನ್ ತುದಿಯಲ್ಲಿ ಕಲ್ಲು ಸಿಡಿದ ಚುಕ್ಕೆಗಳಿವೆ. ಅಲ್ಲಿ ಸಾಸಿವೆ ಕಾಳಿನಷ್ಟು ತುಕ್ಕು. ಮೇಲಿನ ಫಿನ್‌ಗಳು ಕಪ್ಪಿನಿಂದ ಕಡು ಬೂದಿಗೆ ತಿರುಗಿವೆ, ಕೆಳಗಿನವು ಇನ್ನೂ ಕಪ್ಪೇ. ಸಂದಿಗಳಲ್ಲಿ ತುಕ್ಕು ಇಲ್ಲವೇ ಇಲ್ಲ. ಪೂರ್ತಿ ಸೋತಿರುವುದು ಒಂದೇ ಕಡೆ, ಬಲಗಡೆ ಬುಡದ ಟ್ಯಾಪೆಟ್ ಕವರ್ (ಪುಶ್‌ರಾಡ್‌ಗಳ ಬುಡ ಮುಚ್ಚುವ ಮುಚ್ಚಳ) ಸುತ್ತ. ಬುಲೆಟ್ ಇಟ್ಟವರಿಗೆಲ್ಲ ಗೊತ್ತು, ಅಲ್ಲಿಂದ ಆಯಿಲ್ ಜಿನುಗುವುದು ಇದ್ದದ್ದೇ. ಬಿಸಿ ಆಯಿಲ್ ಅಂಚಿನಿಂದ ಒಳಗೆ ನುಗ್ಗಿ ಬಣ್ಣ ಹಪ್ಪಳೆ ಎದ್ದಿದೆ. ಇದು ಬಣ್ಣದ ತಪ್ಪಲ್ಲ, ಪ್ಯಾಕಿಂಗ್ ತಪ್ಪು. ಒಂದು ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ ತೀರಾ ಹತ್ತಿರ ಹಿಡಿದು ಆ ಹಪ್ಪಳೆಯನ್ನು ಇನ್ನಷ್ಟು ಎಬ್ಬಿಸಿದರು. ಅದಾದ ಮೇಲೆ ಇಂಜಿನ್ ನಾನೇ ತೊಳೆಯುತ್ತೇನೆ.

ಟೈಮಿಂಗ್ ಕವರ್ ಅಲ್ಯೂಮಿನಿಯಂ, ಓವನ್‌ನಲ್ಲಿ ಹಿಡಿಸಿತು, ಬೆಂದಿತು, ಚೆನ್ನಾಗಿದೆ. ಎಡಗಡೆಯ ಕ್ಲಚ್ ಕವರ್ ದೊಡ್ಡದು, ಓವನ್‌ನಲ್ಲಿ ಹಿಡಿಸುವುದಿಲ್ಲ, ಇಂಜಿನ್ ಮೇಲೆ ಅಷ್ಟು ಬಿಸಿಯೂ ಆಗುವುದಿಲ್ಲ. ಹಾಗಾಗಿ ಅದಕ್ಕೆ ಈ ಬಣ್ಣ ಮುಟ್ಟಿಸಲೇ ಇಲ್ಲ, ಪಾಲಿಶ್ ಮಾಡಿಸಿ ಬಿಟ್ಟೆ. ಕಪ್ಪು ಬೇಕೇ ಬೇಕು ಅಂದರೆ ಕವರ್‌ಗಳಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಬೇಯಿಸಿ ಹಿಡಿಸುವುದು) ಮಾಡಿಸಿ. ಖರ್ಚು ಜಾಸ್ತಿ, ಆದರೆ ಆಯಿಲ್, ಪೆಟ್ರೋಲ್ ಎರಡಕ್ಕೂ ಜಗ್ಗುವುದಿಲ್ಲ. ಅಂದಹಾಗೆ, ಅಲ್ಯೂಮಿನಿಯಂ ಭಾಗಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಹಳೇ ಬಣ್ಣದ ಜೊತೆ ಅಲ್ಯೂಮಿನಿಯಂ ಕೂಡ ಕರಗುತ್ತದೆ.

ಕಾರ್ಬೊರೇಟರ್‌ಗೆ ಬರೋಣ. ನನ್ನದು ಮಿಕ್‌ಕಾರ್ಬ್ ಕಂಪನಿಯದು, ವಿಎಂ 24 ಮಾಡೆಲ್. ಜೆಟ್, ಫ್ಲೋಟ್, ಸ್ಲೈಡ್, ಓ-ರಿಂಗ್ ಎಲ್ಲ ಬಿಚ್ಚಿ, ತೂತುಗಳಿಗೆ ಗ್ರೀಸ್ ಹಚ್ಚಿದ ಹತ್ತಿ ತುರುಕಿ, ಹೊರಮೈಗೆ ಸಿಲ್ವರ್ ಹೀಟ್ ಪೇಂಟ್ ಹೊಡೆದೆ. ನಮ್ಮ ಮೆಕ್ಯಾನಿಕ್ ನೋಡಿ ನಕ್ಕ. “ಏನ್ ಸಾರ್, ಕಾರ್ಬೇಟರ್‌ಗೆ ಯಾರಾದ್ರೂ ಬಣ್ಣ ಹೊಡೀತಾರಾ? ಒಂದ್ ಸಲ ಓವರ್‌ಫ್ಲೋ ಆಗ್ಲಿ, ನೋಡಿ” ಅಂದ. ನೋಡಿಯೇ ಬಿಡೋಣ ಅಂತ ಹಾಕಿದೆ. ಓವನ್‌ನಲ್ಲಿ ಇಡಲಿಲ್ಲ. ಈ ಎರಕದ ಮೈ 200 ಡಿಗ್ರಿಗೆ ಒಂಚೂರು ಸೊಟ್ಟಗಾದರೂ ಒಳಗೆ ಮೇಲೆ ಕೆಳಗೆ ಜಾರುವ ಸ್ಲೈಡ್ ಸಿಕ್ಕಿಹಾಕಿಕೊಳ್ಳುತ್ತದೆ, ಆ ರಿಸ್ಕ್ ಬೇಕಿರಲಿಲ್ಲ.

ಸಮಸ್ಯೆ ಇರುವುದೇ ಇಲ್ಲಿ. ಬ್ಯಾರಲ್ ಬಣ್ಣವನ್ನು ಇಂಜಿನ್ ದಿನಾ ಬೇಯಿಸುತ್ತದೆ, ಕಾರ್ಬೊರೇಟರ್‌ನದು ಬೇಯುವುದೇ ಇಲ್ಲ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಜುಲೈ ತಿಂಗಳ ಬೆಳಿಗ್ಗೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಕೈ ಇಟ್ಟು ನೋಡಿ, ಒಂದು ಗೇಣು ಆಚೆ ಹೆಡ್ಡು ಸುಡುತ್ತಿರುತ್ತದೆ, ಕಾರ್ಬೊರೇಟರ್ ತಣ್ಣಗೆ ಬೆವರಿರುತ್ತದೆ. ಹಾಗಾಗಿ ಅದರ ಬಣ್ಣ ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಮೇಲೆ ಬೀಳುವುದು ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು ಬೇರೆ. ನನ್ನದರಲ್ಲಿ ಮೊದಲ ಮಳೆಗಾಲ ಮುಗಿಯುವ ಮುಂಚೆಯೇ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಕೆಳಗೆ ಬಣ್ಣ ಅಂಟಂಟಾಗಿ ಜಾರಿ, ಬೀಳುವ ಹನಿಯ ಜಾಡು ಹಿಡಿದು ಗೆರೆ ಎದ್ದಿತ್ತು. ಚೋಕ್ ಹತ್ತಿರ ಬೆರಳು ತಾಗುವ ಕಡೆ ಪೂರ್ತಿ ಹೋಗಿತ್ತು. ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತು. ಸಿಪ್ಪೆ ಎದ್ದ ಬಣ್ಣದ ಚೂರು ಬಟ್ಟಲು ಬಿಚ್ಚುವಾಗ ಒಳಗೆ ಬಿದ್ದರೆ ಪೈಲಟ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಬ್ಲಾಕ್ ಆಗುವುದೂ ಖಂಡಿತ. ಉಳಿದ ಬಣ್ಣವನ್ನೆಲ್ಲ ಥಿನ್ನರ್ ಹಾಕಿ ತೆಗೆದುಬಿಟ್ಟೆ. ಬೇಯದ ಬಣ್ಣ, ಒರೆಸಿದರೇ ಬಂತು.

ಕಾರ್ಬೊರೇಟರ್ ಹೊಸದರ ಹಾಗೆ ಕಾಣಬೇಕು ಅಂದರೆ ಬಣ್ಣ ಬೇಡ, ಕ್ಲೀನಿಂಗ್ ಸಾಕು. ಕಾರ್ಬ್ ಕ್ಲೀನರ್ ಸ್ಪ್ರೇ, ಹಿತ್ತಾಳೆ ತಂತಿಯ ಬ್ರಷ್, ಸಾಧ್ಯವಾದರೆ ಅಲ್ಟ್ರಾಸಾನಿಕ್ (ಶಬ್ದದ ಅಲೆಯಿಂದ ತೊಳೆಯುವ ಯಂತ್ರ). ಮರಳು ಬ್ಲಾಸ್ಟಿಂಗ್‌ಗೆ ಮಾತ್ರ ಕೊಡಬೇಡಿ, ಕೂದಲೆಳೆಯಷ್ಟಿರುವ ದಾರಿಗಳಲ್ಲಿ ಕುಳಿತ ಮರಳು ಯಾವ ಗಾಳಿಗೂ ಹೊರಗೆ ಬರುವುದಿಲ್ಲ. ಇಲ್ಲಿನ ಥಂಡಿಗೆ ಬಿಳಿ ಪುಡಿ ಕೂರುತ್ತದೆ, ನಿಜ. ಆಗಾಗ ಆಯಿಲ್ ಬಟ್ಟೆಯಲ್ಲಿ ಒರೆಸಿದರೆ ತಡೆಯುತ್ತದೆ. ಪೆಟ್ರೋಲ್ ತಡೆಯುವ ಟೂಕೆ (ಎರಡು ದ್ರವ ಬೆರೆಸಿ ಹೊಡೆಯುವ) ಕ್ಲಿಯರ್ ಕೋಟ್ ಇದೆ. ಅದರಲ್ಲಿ ಉಸಿರಾಟಕ್ಕೆ ಅಪಾಯದ ಐಸೋಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ಕಟ್ಟಿಕೊಂಡು ಮನೆ ಅಂಗಳದಲ್ಲಿ ಹೊಡೆಯುವ ಮಾಲಲ್ಲ ಅದು. ಬೇಕಾದವರು ಕಾರ್ ಪೇಂಟ್ ಬೂತ್ ಇರುವ ಕಡೆ ಕೊಡಿ.

ಡಬ್ಬದಲ್ಲಿ ಬಣ್ಣ ಉಳಿದರೆ ತಲೆಕೆಳಗೆ ಹಿಡಿದು ಬರೀ ಗಾಳಿ ಬರುವ ತನಕ ಒತ್ತಿ ಇಡಿ, ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಬ್ಯಾರಲ್‌ಗಾಗಿ ಇದೇ ಬಣ್ಣ ಮತ್ತೆ ಕೊಳ್ಳುತ್ತೇನಾ ಅಂದರೆ, ಹೌದು, ಮ್ಯಾಟ್ ಕಪ್ಪು ಮಾತ್ರ. ಸ್ಯಾಟಿನ್ ಸ್ವಲ್ಪ ಹೊಳೆಯುತ್ತದೆ, ಆಮೇಲೆ ಅಲ್ಲಲ್ಲಿ ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಬರುವ ಬೇಸಿಗೆಯಲ್ಲಿ ಟ್ಯಾಪೆಟ್ ಕವರ್‌ಗೆ ಹೊಸ ಪ್ಯಾಕಿಂಗ್ ಹಾಕಿಸಿ, ಜಿನುಗುವುದು ನಿಂತಿದೆ ಅಂತ ಖಾತ್ರಿಯಾದ ಮೇಲೆ ಅಷ್ಟು ಜಾಗ ಉಜ್ಜಿ ಹೊಡೆಯಬೇಕು. ಬ್ಯಾರಲ್ ಬಿಚ್ಚುವುದಿಲ್ಲ, ಹೀಟ್ ಗನ್ ಹಿಡಿದು ಬೇಯಿಸುತ್ತೇನೆ.