ಆರೋಗ್ಯ ಕಾರ್ಡ್, ಅಗ್ಗದ ಪಾಲಿಸಿ, ರೂಮ್ ಮಿತಿ ಇಲ್ಲದ ಪಾಲಿಸಿ: ಬಳಸಿ ನೋಡಿದ ಮೇಲೆ

ಸ್ವಂತ ಅಂಗಡಿ ಇಟ್ಟವರಿಗೆ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇರುವುದಿಲ್ಲ. ಆಸ್ಪತ್ರೆ ಬಿಲ್ಲೂ ನಮ್ಮದೇ, ಶಟರ್ ಎಳೆದ ದಿನಗಳ ನಷ್ಟವೂ ನಮ್ಮದೇ. ಉಡುಪಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನಾನು ಈ ಮೂರನ್ನೂ ಬಳಸಿದ್ದೇನೆ.

ಮಣಿಪಾಲ ಆರೋಗ್ಯ ಕಾರ್ಡ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಮ್ಮನ ಶುಗರ್ ಟೆಸ್ಟ್, ಡಾಕ್ಟರ ಫೀಸಿಗೆ ರಿಯಾಯಿತಿ ಸಿಗುತ್ತದೆ. ಹೆಚ್ಚಿನ ಪಾಲಿಸಿಗಳು ಒಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಖರ್ಚು ಕೊಡುವುದಿಲ್ಲ, ಹಾಗಾಗಿ ಕಾರ್ಡ್ ಇರಲೇಬೇಕು. ಆದರೆ ಅದು ಇನ್ಶೂರೆನ್ಸ್ ಅಲ್ಲ. ಬಿಲ್ಲು ಎರಡು ಲಕ್ಷವಾದರೆ ರಿಯಾಯಿತಿ ಕಳೆದು ಉಳಿದದ್ದನ್ನು ನಾವೇ ಕಟ್ಟಬೇಕು.

ನಿಜವಾದ ಸ್ಪರ್ಧೆ ಇರುವುದು ಎರಡು ಪಾಲಿಸಿಗಳ ನಡುವೆ. ಎರಡೂ 5 ಲಕ್ಷದ ಫ್ಯಾಮಿಲಿ ಫ್ಲೋಟರ್, ಅಂದರೆ ಮನೆಯವರೆಲ್ಲ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿ. ಮೊದಲು ತಗೊಂಡದ್ದರ ಪ್ರೀಮಿಯಂ ಕಡಿಮೆ, ಆದರೆ ರೂಮ್ ಬಾಡಿಗೆಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1, ಅಂದರೆ 5,000 ರೂಪಾಯಿ ಮಿತಿ. ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಅದಕ್ಕಿದ್ದ 2 ವರ್ಷದ ವೇಯ್ಟಿಂಗ್ (ಕ್ಲೇಮ್ ಮಾಡಲು ಕಾಯಬೇಕಾದ ಅವಧಿ) ಆಗಲೇ ಮುಗಿದಿತ್ತು. ಮಿತಿಯೊಳಗಿನ ರೂಮ್ ಒಂದೂ ಖಾಲಿ ಇಲ್ಲ, 8,000ದ ರೂಮೇ ಸಿಕ್ಕಿತು. ಮೇಲಿನ 3,000 ಕೊಟ್ಟರೆ ಮುಗಿಯಿತು ಅಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಹಾಗಲ್ಲ. ಸರ್ಜನ್ ಫೀಸು, ಅನಸ್ತೇಶಿಯಾ, ಆಪರೇಷನ್ ಥಿಯೇಟರ್ ಚಾರ್ಜ್ ಎಲ್ಲಕ್ಕೂ ಅದೇ ಲೆಕ್ಕ: ಬಿಲ್ಲಿನ 8 ರೂಪಾಯಿಗೆ ಕಂಪನಿ ಕೊಡುವುದು 5 ರೂಪಾಯಿ. 40,000ದ ಸರ್ಜನ್ ಫೀಸಿಗೆ ಬಂದದ್ದು 25,000. ಮದ್ದು, ಟೆಸ್ಟುಗಳಿಗೆ ಮಾತ್ರ ಈ ಕಡಿತ ಇಲ್ಲ.

ಮುಂದಿನ ರಿನ್ಯೂವಲ್‌ಗೆ 45 ದಿನ ಇರುವಾಗಲೇ ಪೋರ್ಟ್ ಮಾಡಲು, ಅಂದರೆ ಬೇರೆ ಕಂಪನಿಗೆ ಪಾಲಿಸಿ ಬದಲಿಸಲು ಅರ್ಜಿ ಹಾಕಿ, ರೂಮ್ ಮಿತಿ ಇಲ್ಲದ ಪಾಲಿಸಿಗೆ ಬಂದೆ. ಕಾದ ವರ್ಷಗಳೆಲ್ಲ ಲೆಕ್ಕಕ್ಕೆ ಬಂದವು. ನನ್ನ ಬಿಪಿಯನ್ನು ಫಾರ್ಮ್‌ನಲ್ಲಿ ಬರೆದೆ, ಅದಕ್ಕೆ ಪ್ರೀಮಿಯಂ ಸ್ವಲ್ಪ ಏರಿತು. ಏರಲಿ, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತೊಂದರೆ. ಮಳೆಗಾಲದಲ್ಲಿ ನನಗೇ ಡೆಂಗ್ಯೂ ಬಂತು. ಸಿಂಗಲ್ ರೂಮ್, ಕ್ಯಾಶ್‌ಲೆಸ್. ಕೈಯಿಂದ ಹೋದದ್ದು ಗ್ಲೌಸ್‌ನಂಥ ಸಣ್ಣಪುಟ್ಟ ಸಾಮಾನಿಗೆ ಮಾತ್ರ.

ಪ್ರೀಮಿಯಂ ಜಾಸ್ತಿ, ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ನಮ್ಮಂಥವರ ಪಾಲಿಸಿಗೆ ಶೇ. 18ರ ಜಿಎಸ್‌ಟಿ ಇಲ್ಲ. ನನ್ನ ಓಟು ರೂಮ್ ಮಿತಿ ಇಲ್ಲದ ಪಾಲಿಸಿಗೇ. ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಪ್ರೀಮಿಯಂ ಮೇಲೆ ತೆರಿಗೆ ವಿನಾಯಿತಿಯೂ ಇದೆ.

ಅಮ್ಮನನ್ನು ಮಾತ್ರ ಈ ಫ್ಲೋಟರ್‌ಗೆ ಸೇರಿಸಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸು ನೋಡಿ ಪ್ರೀಮಿಯಂ ಹಾಕುತ್ತಾರೆ. ಅವರಿಗೆ ಬೇರೆಯೇ ಪಾಲಿಸಿ ಮಾಡಿಸಿದ್ದೇನೆ.