ತೋರಿಸದೆ ಹೇಳಿದ ಚಿತ್ರಗಳು: 96ನೇ ಆಸ್ಕರ್‌ನ ಹತ್ತು ನಾಮನಿರ್ದೇಶನಗಳಿಗೆ ನನ್ನ ಕ್ರಮಾಂಕ

ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗದಲ್ಲಿ ಅಕಾಡೆಮಿಯ ಸದಸ್ಯರು ಒಂದೇ ಚಿತ್ರಕ್ಕೆ ಗುರುತು ಹಾಕುವುದಿಲ್ಲ. ನಾಮನಿರ್ದೇಶನಗೊಂಡ ಚಿತ್ರಗಳನ್ನು ತಮ್ಮ ಪ್ರಾಶಸ್ತ್ಯದ ಕ್ರಮದಲ್ಲಿ ಜೋಡಿಸುತ್ತಾರೆ. ಯಾವ ಚಿತ್ರಕ್ಕೂ ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಅತಿ ಕಡಿಮೆ ಮತ ಪಡೆದ ಚಿತ್ರವನ್ನು ಕೈಬಿಟ್ಟು, ಆ ಮತಪತ್ರಗಳನ್ನು ಅವುಗಳಲ್ಲಿ ನಮೂದಾದ ಮುಂದಿನ ಆಯ್ಕೆಗೆ ಸೇರಿಸುತ್ತಾ ಹೋಗುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಈ ಬಗೆಯ ಪ್ರಾಶಸ್ತ್ಯದ ಲೆಕ್ಕ ಪರಿಚಿತ. ಐದಕ್ಕೆ ಇಷ್ಟು ನಕ್ಷತ್ರ ಎಂದು ಅಂಕ ಕೊಡುವುದಕ್ಕಿಂತ ಈ ಕ್ರಮ ಪ್ರೇಕ್ಷಕನಿಗೂ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ನಾಲ್ಕು ಚಿತ್ರಗಳಿಗೆ ನಾಲ್ಕು ನಾಲ್ಕು ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳಬಹುದು. ಆದರೆ ಯಾವುದು ಮೊದಲು, ಯಾವುದು ನಂತರ ಎಂದು ಬರೆಯುವಾಗ, ಸಿನಿಮಾದಿಂದ ನಾವು ಬಯಸುವುದೇನು ಎಂಬುದನ್ನು ನಾವೇ ತೀರ್ಮಾನಿಸಬೇಕಾಗುತ್ತದೆ. 2024ರ ಮಾರ್ಚ್ 10ರಂದು ಹಾಲಿವುಡ್‌ನ ಡಾಲ್ಬಿ ಥಿಯೇಟರ್‌ನಲ್ಲಿ ನಡೆದ 96ನೇ ಆಸ್ಕರ್ ಸಮಾರಂಭದ ಹತ್ತು ಚಿತ್ರಗಳನ್ನು ಅದೇ ರೀತಿ ಇಲ್ಲಿ ಜೋಡಿಸಿದ್ದೇನೆ.

ಆ ವರ್ಷದ ಹತ್ತರಲ್ಲಿ ಮೂರು ಮುಖ್ಯ ಚಿತ್ರಗಳು ತಮ್ಮ ಕಥೆಯ ಕೇಂದ್ರದಲ್ಲಿರುವ ಘಟನೆಯನ್ನೇ ಪರದೆಗೆ ತರಲು ನಿರಾಕರಿಸುತ್ತವೆ. ಅಣುಬಾಂಬ್ ತಯಾರಿಕೆಯ ಮುಂದಾಳಾಗಿದ್ದ ವಿಜ್ಞಾನಿಯ ಕಥೆಯಾದ 'ಓಪನ್‌ಹೈಮರ್' ಹಿರೋಷಿಮಾವನ್ನು ತೋರಿಸುವುದಿಲ್ಲ. 'ಅನಾಟಮಿ ಆಫ್ ಎ ಫಾಲ್' ಆ ಮನುಷ್ಯ ಹೇಗೆ ಬಿದ್ದು ಸತ್ತ ಎಂಬ ಸತ್ಯವನ್ನು ತೋರಿಸುವುದಿಲ್ಲ. 'ದ ಝೋನ್ ಆಫ್ ಇಂಟರೆಸ್ಟ್' ನಾಜಿಗಳ ಆಶ್‌ವಿಟ್ಜ್ ಶಿಬಿರದೊಳಗಿನ ಕೊಲೆಗಳನ್ನು ತೋರಿಸುವುದಿಲ್ಲ. ಆದರೆ ಈ ಮೂರು ನಿರಾಕರಣೆಗಳು ಒಂದೇ ತೂಕದವಲ್ಲ, ಮತ್ತು ನನ್ನ ಕ್ರಮಾಂಕ ಬಹುಮಟ್ಟಿಗೆ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಮೊದಲ ಸ್ಥಾನ 'ದ ಝೋನ್ ಆಫ್ ಇಂಟರೆಸ್ಟ್' ಚಿತ್ರಕ್ಕೆ. ಜೊನಾಥನ್ ಗ್ಲೇಜರ್ ನಿರ್ದೇಶನದ ಈ ಚಿತ್ರ ಶಿಬಿರದ ಕಮಾಂಡರ್ ರುಡಾಲ್ಫ್ ಹೋಸ್ ಮತ್ತು ಅವನ ಹೆಂಡತಿ ಹೆಡ್‌ವಿಗ್ ಕಟ್ಟಿಕೊಂಡ ಮನೆಯ ಕಥೆ. ಶಿಬಿರದ ಗೋಡೆಗೆ ತಾಗಿಕೊಂಡೇ ಅವರ ಕೈತೋಟವಿದೆ. ಮಕ್ಕಳು ಕೊಳದಲ್ಲಿ ಆಡುತ್ತಾರೆ, ಹೆಂಗಸರು ಚಹಾ ಕುಡಿಯುತ್ತಾ ಹರಟುತ್ತಾರೆ, ಶಿಬಿರದ ಕಡೆಯಿಂದ ಬಂದ ತುಪ್ಪಳದ ಕೋಟನ್ನು ಹೆಡ್‌ವಿಗ್ ಕನ್ನಡಿಯ ಮುಂದೆ ತೊಟ್ಟು ನೋಡಿಕೊಳ್ಳುತ್ತಾಳೆ. ಮನೆಯೊಳಗೆ ಹಲವು ಕ್ಯಾಮೆರಾಗಳನ್ನು ಅಡಗಿಸಿಟ್ಟು, ತಂತ್ರಜ್ಞರು ಎದುರಿಗೆ ಸುಳಿಯದಂತೆ ಚಿತ್ರೀಕರಿಸಿದ್ದರಿಂದ ಯಾವ ಮುಖಕ್ಕೂ ನಾಟಕೀಯ ಸಮೀಪದ ನೋಟ ಸಿಗುವುದಿಲ್ಲ. ನಾವು ಆ ಸಂಸಾರದ ದಿನಚರಿಯನ್ನು ದೂರದಿಂದ ಗಮನಿಸುತ್ತೇವೆ ಅಷ್ಟೆ. ಗೋಡೆಯಾಚೆಯ ಕಥೆಯನ್ನು ಹೇಳುವುದು ಶಬ್ದ ಮಾತ್ರ: ನಿಲ್ಲದ ಕುಲುಮೆಯ ಮೊರೆತ, ಆಗಾಗ ಗುಂಡಿನ ಸದ್ದು, ನಾಯಿಗಳ ಬೊಗಳುವಿಕೆ, ಅರ್ಧಕ್ಕೆ ಕಡಿದುಹೋಗುವ ಕೂಗು. ಚಿತ್ರ ಸಾಗಿದಂತೆ ಆ ಮೊರೆತಕ್ಕೆ ನಮ್ಮ ಕಿವಿಯೂ ಒಗ್ಗಿಕೊಳ್ಳುತ್ತದೆ. ಹಾಗೆ ಒಗ್ಗಿಕೊಂಡೆವೆಂದು ಅರಿವಾಗುವ ಗಳಿಗೆಯೇ ಈ ಚಿತ್ರದ ನಿಜವಾದ ಆಘಾತ, ಮತ್ತು ಅದನ್ನು ಉಂಟುಮಾಡಲು ನಿರ್ದೇಶಕರು ಒಂದು ಕೊಲೆಯನ್ನೂ ತೋರಿಸಿಲ್ಲ. ಮಗಳ ವೈಭವ ನೋಡಲು ಬಂದ ಹೆಡ್‌ವಿಗ್‌ಳ ತಾಯಿ ರಾತ್ರಿ ಕಿಟಕಿಯಾಚೆಯ ಬೆಂಕಿಯನ್ನು ಕಂಡು ಯಾರಿಗೂ ಹೇಳದೆ ಹೊರಟುಹೋಗುವುದು, ಅವಳು ಬಿಟ್ಟುಹೋದ ಚೀಟಿಯನ್ನು ಓದಿದ ಮಗಳು ಅದನ್ನು ಒಲೆಗೆ ಹಾಕಿ ಮನೆಗೆಲಸದ ಹುಡುಗಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವುದು, ಇಷ್ಟೇ ಸಾಕಾಗುತ್ತದೆ. ಧ್ವನಿ ವಿಭಾಗದ ಆಸ್ಕರ್ ಇದಕ್ಕೆ ಬಂದದ್ದು ಸಂಪೂರ್ಣ ನ್ಯಾಯ. ಜರ್ಮನ್ ಮಾತಿನ ಈ ಚಿತ್ರ ಬ್ರಿಟನ್ನಿನ ಪರವಾಗಿ ಅಂತರರಾಷ್ಟ್ರೀಯ ಚಿತ್ರ ಪ್ರಶಸ್ತಿಯನ್ನೂ ಗೆದ್ದಿತು.

ಎರಡನೆಯದು 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್'. ಇದು ಮೇಲಿನ ಮೂರಕ್ಕೂ ವಿರುದ್ಧ ದಾರಿ ಹಿಡಿದ ಚಿತ್ರ. ಮಾರ್ಟಿನ್ ಸ್ಕಾರ್ಸೆಸಿ ಪ್ರತಿಯೊಂದು ಕೊಲೆಯನ್ನೂ ನಮ್ಮ ಕಣ್ಣೆದುರಿಗೇ ಇಡುತ್ತಾರೆ. 1920ರ ದಶಕದ ಒಕ್ಲಹೋಮಾದಲ್ಲಿ ತಮ್ಮ ನೆಲದಡಿ ಸಿಕ್ಕ ಎಣ್ಣೆಯಿಂದ ಶ್ರೀಮಂತರಾದ ಓಸೇಜ್ ಮೂಲನಿವಾಸಿಗಳನ್ನು, ಅವರ ಸಂಪತ್ತಿನ ಹಕ್ಕುಗಳಿಗಾಗಿ, ನೆಂಟಸ್ತನದ ಮುಸುಕಿನಲ್ಲಿ ಒಬ್ಬೊಬ್ಬರನ್ನಾಗಿ ಮುಗಿಸಿದ ನಿಜ ಘಟನೆ ಇದು. ಆಧಾರ ಗ್ರಂಥ ತನಿಖೆಯ ದಾರಿಯಲ್ಲಿ ಸಾಗಿದರೆ, ಚಿತ್ರ ಕೊಲೆಗಾರರನ್ನು ಆರಂಭದಲ್ಲೇ ಬಯಲು ಮಾಡಿ, ಹೆಂಡತಿಯನ್ನು ಪ್ರೀತಿಸುತ್ತಲೇ ಅವಳ ಔಷಧಕ್ಕೆ ವಿಷ ಬೆರೆಸುವ ಗಂಡನೊಬ್ಬನ ಮನಸ್ಸಿನಲ್ಲಿ ನಮ್ಮನ್ನು ಕೂರಿಸುತ್ತದೆ. 206 ನಿಮಿಷಗಳ ಅವಧಿ ದೀರ್ಘವೇ ಸರಿ, ನಡುವೆ ಒಂದು ಅರ್ಧ ಗಂಟೆ ಕುಗ್ಗಬಹುದಿತ್ತು ಎಂಬ ದೂರನ್ನು ನಾನು ಒಪ್ಪುತ್ತೇನೆ. ಆದರೂ ಆ ಹೆಂಡತಿ ಮಾಲಿಯ ಪಾತ್ರದಲ್ಲಿ ಲಿಲಿ ಗ್ಲ್ಯಾಡ್‌ಸ್ಟೋನ್ ಮಾತಿಗಿಂತ ಮೌನದಲ್ಲಿ, ಕಣ್ಣಂಚಿನ ಒಂದು ನಗುವಿನಲ್ಲಿ ಗಂಡನನ್ನು ಅಳೆಯುವ ರೀತಿಗೆ ಆ ವರ್ಷ ಸಾಟಿ ಇರಲಿಲ್ಲ. ಹತ್ತು ನಾಮನಿರ್ದೇಶನ ಪಡೆದು ಈ ಚಿತ್ರ ಒಂದೂ ಪ್ರಶಸ್ತಿ ಇಲ್ಲದೆ ಮರಳಿದ್ದು ಆ ರಾತ್ರಿಯ ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಮೂರನೆಯ ಸ್ಥಾನದಲ್ಲಿ ಜಸ್ಟೀನ್ ಟ್ರಿಯೆ ಅವರ 'ಅನಾಟಮಿ ಆಫ್ ಎ ಫಾಲ್'. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ನಡುವಿನ ಮನೆಯೊಂದರ ಮುಂದೆ ಹಿಮದ ಮೇಲೆ ಗಂಡನ ಶವ ಬಿದ್ದಿದೆ. ಲೇಖಕಿಯಾದ ಹೆಂಡತಿ ಆರೋಪಿ. ದೃಷ್ಟಿ ಮಂದವಾಗಿರುವ ಮಗ ಸಾಕ್ಷಿ. ದಂಪತಿಗಳ ಜಗಳದ ಧ್ವನಿಮುದ್ರಿಕೆಯನ್ನು ನ್ಯಾಯಾಲಯದಲ್ಲಿ ಕೇಳಿಸುವ ದೃಶ್ಯವೇ ಈ ಚಿತ್ರದ ಶಿಖರ. ಮಾತಿನ ಜಗಳವನ್ನು ನಮಗೆ ಕಣ್ಣಾರೆ ತೋರಿಸುವ ನಿರ್ದೇಶಕಿ, ಅದು ಕೈಕೈ ಮಿಲಾಯಿಸುವ ಹಂತ ತಲುಪಿದ ಕ್ಷಣವೇ ನಮ್ಮನ್ನು ನ್ಯಾಯಾಲಯಕ್ಕೆ ಎಳೆದು ತಂದು, ಉಳಿದದ್ದನ್ನು ಬರಿಯ ಸದ್ದಾಗಿ ಬಿಡುತ್ತಾರೆ. ಹೊಡೆದವರು ಯಾರು ಎಂಬುದನ್ನು ನ್ಯಾಯಾಧೀಶರಂತೆ ನಾವೂ ಊಹಿಸಬೇಕು. ಸಾಂಡ್ರಾ ಹ್ಯೂಲರ್ ಅವರ ನಟನೆ ಕೊನೆಯವರೆಗೂ ಅನುಮಾನ ಮತ್ತು ಅನುಕಂಪ ಎರಡನ್ನೂ ಜೀವಂತವಾಗಿಡುತ್ತದೆ. 'ದ ಝೋನ್ ಆಫ್ ಇಂಟರೆಸ್ಟ್'ನ ಹೆಡ್‌ವಿಗ್ ಕೂಡ ಇವರೇ ಎಂಬುದನ್ನು ನೆನೆದರೆ ಬೆರಗಾಗುತ್ತದೆ. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಈ ಚಿತ್ರವನ್ನು ಬಿಟ್ಟು ಫ್ರಾನ್ಸ್ ಬೇರೊಂದು ಚಿತ್ರವನ್ನು ಅಂತರರಾಷ್ಟ್ರೀಯ ವಿಭಾಗಕ್ಕೆ ಕಳುಹಿಸಿತು, ಮತ್ತು ಆ ಚಿತ್ರ ಅಂತಿಮ ಐದರೊಳಗೆ ಬರಲೇ ಇಲ್ಲ. ಅಧಿಕೃತ ಆಯ್ಕೆ ಸಮಿತಿಗಳ ತೀರ್ಮಾನದ ಬಗ್ಗೆ ನಮ್ಮ ದೇಶದಲ್ಲಿ ವರ್ಷವರ್ಷವೂ ಏಳುವ ತಕರಾರು ನಮ್ಮದಷ್ಟೇ ಅಲ್ಲ.

ನಾಲ್ಕನೆಯದು ಸೆಲೀನ್ ಸಾಂಗ್ ಅವರ ಮೊದಲ ಚಿತ್ರ 'ಪಾಸ್ಟ್ ಲೈವ್ಸ್'. ಬಾಲ್ಯದಲ್ಲಿ ಸಿಯೋಲ್ ಬಿಟ್ಟು ವಲಸೆ ಹೋದ ಹುಡುಗಿ, ಅಲ್ಲೇ ಉಳಿದ ಗೆಳೆಯ, ನ್ಯೂಯಾರ್ಕಿನಲ್ಲಿ ಅವಳನ್ನು ಕೈಹಿಡಿದ ಗಂಡ, ಈ ಮೂವರಲ್ಲಿ ಯಾರೂ ಕೆಟ್ಟವರಲ್ಲ ಎಂಬುದೇ ಚಿತ್ರದ ಸಂಕಟ. ಮಕ್ಕಳು, ಮೊಮ್ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಈ ಕಥೆಗೆ ಯಾವ ವಿವರಣೆಯೂ ಬೇಕಾಗದು.

'ಓಪನ್‌ಹೈಮರ್' ನನ್ನ ಮತಪತ್ರದಲ್ಲಿ ಐದನೆಯದು. ಹದಿಮೂರು ನಾಮನಿರ್ದೇಶನಗಳಲ್ಲಿ ಏಳನ್ನು ಗೆದ್ದ, ಅತ್ಯುತ್ತಮ ಚಿತ್ರವೂ ಆದ ಸಿನಿಮಾವನ್ನು ಅಲ್ಲಿ ಇಡಲು ಕಾರಣ ಕೊಡಲೇಬೇಕು. ಕ್ರಿಸ್ಟೋಫರ್ ನೋಲನ್ ಅವರ ಕೌಶಲದ ಬಗ್ಗೆ ಎರಡು ಮಾತಿಲ್ಲ. 1945ರ ಜುಲೈ 16ರ ಟ್ರಿನಿಟಿ ಎಂಬ ಮೊದಲ ಅಣುಬಾಂಬ್ ಪರೀಕ್ಷೆಯಲ್ಲಿ ಬೆಳಕು ಮೊದಲು ಬಂದು, ಉಸಿರಿನ ಸದ್ದಷ್ಟೇ ಉಳಿದು, ಬಹಳ ಹೊತ್ತಿನ ನಂತರ ಸಿಡಿತದ ಶಬ್ದ ಅಪ್ಪಳಿಸುವುದನ್ನು ಐಮ್ಯಾಕ್ಸ್ ಪರದೆಯಲ್ಲಿ ನೋಡಿದವರು ಮರೆಯಲಾರರು. ಓಪನ್‌ಹೈಮರ್‌ನ ಎದುರಾಳಿಯಾದ ಅಧಿಕಾರಿ ಸ್ಟ್ರಾಸ್‌ನ ಭಾಗಕ್ಕಾಗಿಯೇ ಕೊಡಾಕ್ ಸಂಸ್ಥೆ ಐಮ್ಯಾಕ್ಸ್ ಅಳತೆಯ ಕಪ್ಪುಬಿಳುಪು ಫಿಲ್ಮ್ ತಯಾರಿಸಿಕೊಟ್ಟಿತು. ವಿಜಯೋತ್ಸವದ ಭಾಷಣದಲ್ಲಿ ಕಾಲು ಬಡಿಯುವ ಜನರ ನಡುವೆ ವಿಜ್ಞಾನಿಗೆ ಚರ್ಮ ಸುಲಿಯುವ ಮುಖ ಕಾಣುವ ಕಲ್ಪನೆ ಶಕ್ತವಾಗಿದೆ. ಆದರೆ ಹಿರೋಷಿಮಾದ ಚಿತ್ರಗಳನ್ನು ತೋರಿಸುವಾಗ ಅವನು ಮುಖ ತಿರುಗಿಸುತ್ತಾನೆ, ಕ್ಯಾಮೆರಾ ಅವನ ಮುಖದ ಮೇಲೆಯೇ ನಿಲ್ಲುತ್ತದೆ. ಇಲ್ಲಿ ನಿರಾಕರಣೆ ನಾಯಕನ ಪಾಪಪ್ರಜ್ಞೆಯನ್ನು ದೊಡ್ಡದು ಮಾಡುತ್ತದೆಯೇ ಹೊರತು ಸತ್ತವರನ್ನು ನಮಗೆ ಹತ್ತಿರ ತರುವುದಿಲ್ಲ. ಗ್ಲೇಜರ್ ಚಿತ್ರದಲ್ಲಿ ಕಾಣಿಸದವರು ಪ್ರತಿ ಕ್ಷಣ ಕೇಳಿಸುತ್ತಲೇ ಇರುತ್ತಾರೆ. ಅಲ್ಲದೆ, ಕೊನೆಯ ಒಂದು ಗಂಟೆ ಸ್ಟ್ರಾಸ್‌ನ ವೈಯಕ್ತಿಕ ಹಗೆಯ ಕಥೆಯಾಗಿ ವಿಷಯವನ್ನು ಕಿರಿದಾಗಿಸುತ್ತದೆ. ನಮ್ಮಲ್ಲಿ ಭಗವದ್ಗೀತೆಯ ಸಾಲು ಪ್ರಣಯದ ದೃಶ್ಯದಲ್ಲಿ ಬಂದುದರ ಬಗ್ಗೆ ಎದ್ದ ಗಲಾಟೆಯಲ್ಲಿ ಈ ಹೆಚ್ಚು ಮುಖ್ಯವಾದ ಪ್ರಶ್ನೆ ಚರ್ಚೆಗೆ ಬರಲೇ ಇಲ್ಲ.

ಉಳಿದ ಐದರಲ್ಲಿ 'ದ ಹೋಲ್ಡೋವರ್ಸ್' ಮುಂದಿದೆ. 1970ರ ಕ್ರಿಸ್‌ಮಸ್ ರಜೆಯಲ್ಲಿ ವಸತಿಶಾಲೆಯಲ್ಲಿ ಉಳಿದ ಮೇಷ್ಟ್ರು, ಹುಡುಗ ಮತ್ತು ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಅಡುಗೆಯವಳ ಈ ಕಥೆಯನ್ನು ಮನೆಮಂದಿಯಲ್ಲಿ ದೊಡ್ಡ ಮಕ್ಕಳೊಂದಿಗೆ ನೋಡಬಹುದು. ಡೇವೈನ್ ಜಾಯ್ ರಾಂಡಾಲ್ಫ್‌ಗೆ ಪೋಷಕ ನಟಿ ಪ್ರಶಸ್ತಿ ಬಂದದ್ದು ಸಂತೋಷದ ಸಂಗತಿ. 'ಪೂರ್ ಥಿಂಗ್ಸ್' ಏಳನೆಯದು: ಎಮ್ಮಾ ಸ್ಟೋನ್ ಅವರ ಧೈರ್ಯ ದೊಡ್ಡದು, ಆದರೆ ಸ್ವಾತಂತ್ರ್ಯದ ಮಾತನ್ನು ಬಹುಪಾಲು ಕಾಮದ ಮೂಲಕವೇ ಹೇಳಿಸುವುದು ನನಗೆ ಸಂಕುಚಿತವೆನಿಸಿತು, ಮತ್ತು ಇದು ಮಕ್ಕಳಿಗಲ್ಲ. ನಂತರ 'ಅಮೆರಿಕನ್ ಫಿಕ್ಷನ್', ಅದರ ಹಿಂದೆ 'ಬಾರ್ಬಿ'. ಹತ್ತನೆಯದು 'ಮ್ಯಾಸ್ಟ್ರೋ'. ಈಲಿ ಕೆಥೆಡ್ರಲ್‌ನಲ್ಲಿ ಮಾಲರ್ ಸಿಂಫೋನಿ ನಡೆಸುವ ದೃಶ್ಯ ಮೈನವಿರೇಳಿಸುತ್ತದೆ. ಆದರೆ ಚಿತ್ರದ ನಾಯಕನಾದ ಸಂಗೀತಗಾರ ಲೆನರ್ಡ್ ಬರ್ನ್‌ಸ್ಟೀನ್‌ಗೆ ಸಂಗೀತ ಏಕೆ ಬೇಕಿತ್ತು ಎಂಬುದು ಚಿತ್ರ ಮುಗಿದರೂ ತಿಳಿಯುವುದಿಲ್ಲ.

ಇವನ್ನು ಈಗ ಮನೆಯಲ್ಲಿ ನೋಡುವವರಿಗೆ ಒಂದು ಸಲಹೆ: 'ದ ಝೋನ್ ಆಫ್ ಇಂಟರೆಸ್ಟ್' ಚಿತ್ರವನ್ನು ಮೊಬೈಲಿನ ಸ್ಪೀಕರಿನಲ್ಲಿ ನೋಡಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವಾದರೆ ಅರ್ಧ ಸಿನಿಮಾ ನಿಮ್ಮ ಪಾಲಿಗೆ ಇಲ್ಲವಾಗುತ್ತದೆ. 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್' ಚಿತ್ರಕ್ಕೆ ಒಂದು ಇಡೀ ಸಂಜೆಯನ್ನು ಬಿಡುವು ಮಾಡಿಕೊಳ್ಳಿ. ಅದನ್ನು ಕಂತುಗಳಲ್ಲಿ ನೋಡಿದರೆ ಮಾಲಿಯ ದೇಹ ದಿನೇದಿನೇ ಸೋಲುವ ಕ್ರಮ ಕೈತಪ್ಪಿಹೋಗುತ್ತದೆ.