ಸ್ನಾನದ ಬಿಸಿನೀರು: ಗೀಸರ್, ಗ್ಯಾಸ್, ಹಂಡೆ, ಸೋಲಾರ್

ಮೈಸೂರಿನಲ್ಲಿ ಫ್ಯಾನಿಲ್ಲದೆ ಎಷ್ಟೋ ತಿಂಗಳು ಕಳೆಯಬಹುದು. ಬಿಸಿನೀರಿಲ್ಲದೆ ನಮ್ಮ ಮನೆಯಲ್ಲಿ ಒಂದು ಬೆಳಗೂ ಸಾಗುವುದಿಲ್ಲ. ಆದ್ದರಿಂದ ಮನೆಯ ಇಂಗಾಲದ ಲೆಕ್ಕ ಹಾಕಲು ಕೂತಾಗ ಬಚ್ಚಲುಮನೆಯಿಂದಲೇ ಆರಂಭಿಸಿದೆ. 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು 0.4 ಯೂನಿಟ್ ಶಕ್ತಿ ಬೇಕು. ಯಾವ ವಿಧಾನದಲ್ಲಿ ಕಾಯಿಸಿದರೂ ನೀರು ಕೇಳುವುದು ಇಷ್ಟನ್ನೇ.

ನೋಡಲು ಎಲ್ಲಕ್ಕಿಂತ ಶುಚಿಯಾದದ್ದು ಕರೆಂಟ್ ಗೀಸರ್. ಆದರೆ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾಗಿರುವುದರಿಂದ ಪ್ರತಿ ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಾಲ್ವರ ಸ್ನಾನಕ್ಕೆ ನಮ್ಮ ಮೀಟರಿನಲ್ಲಿ ದಿನಕ್ಕೆ 2 ಯೂನಿಟ್ ಓಡಿತು. ತಿಂಗಳಿಗೆ 60 ಯೂನಿಟ್, ಅಂದರೆ 42 ಕೆ.ಜಿ. ಇಂಗಾಲದ ಡೈಆಕ್ಸೈಡ್. 14.2 ಕೆ.ಜಿ.ಯ ಅಡುಗೆ ಸಿಲಿಂಡರ್ ಒಂದನ್ನು ಪೂರ್ತಿ ಉರಿಸಿದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆಯಾದ ಮೇಲಂತೂ ಈ 60 ಯೂನಿಟ್ ಮನೆಯಲ್ಲಿ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಹಿಂದಿನ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಇತ್ತು. ಇದೇ ನಾಲ್ವರಿಗೆ ಒಂದು ಸಿಲಿಂಡರ್ ಸುಮಾರು ಮೂರು ತಿಂಗಳು ಬರುತ್ತಿದ್ದುದರಿಂದ ಅದರ ಹೊರೆ ಕರೆಂಟಿನ ಮೂರನೆಯ ಒಂದು ಪಾಲು ಮಾತ್ರ. ಆದರೂ ಗಾಳಿಯಾಡದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುವಂಥದ್ದು. ಕಿಟಕಿ ಚಿಕ್ಕದಿದ್ದವರಿಗೆ ನಾನು ಇದನ್ನು ಸೂಚಿಸಲಾರೆ.

ಮಂಡ್ಯದ ಬಳಿಯ ತವರುಮನೆಯಲ್ಲಿ ಇಂದಿಗೂ ಹಂಡೆ ಒಲೆಯಿದೆ. ತೋಟದಲ್ಲೇ ಬಿದ್ದ ತೆಂಗಿನ ಮಟ್ಟೆ, ಸೋಗೆ, ಕರಟಗಳನ್ನು ಅಮ್ಮ ಹಿಂದಿನ ಸಂಜೆಯೇ ಒಲೆಯ ಪಕ್ಕ ಒಟ್ಟಿಡುತ್ತಾರೆ. ಆ ಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲವೇ ಮರಳಿ ಗಾಳಿಗೆ ಸೇರುವುದರಿಂದ ಕಲ್ಲಿದ್ದಲಿನ ಪಾಪ ಇದಕ್ಕೆ ಅಂಟುವುದಿಲ್ಲ. ಆದರೆ ಬಹುಪಾಲು ಶಾಖ ಹಂಡೆಗೆ ತಾಗದೆ ಗೋಡೆಯ ಪಾಲಾಗುತ್ತದೆ, ಮಸಿಯೂ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ, ಊದುವ ಅಮ್ಮನ ಕಣ್ಣು ದಿನವೂ ಉರಿಯುತ್ತದೆ.

ಕೊನೆಗೆ ಮೈಸೂರಿನ ಮನೆಯ ತಾರಸಿಗೆ 100 ಲೀಟರಿನ ಸೋಲಾರ್ ಹಾಕಿಸಿದೆವು. ಮಾಘದಿಂದ ವೈಶಾಖದವರೆಗೆ ಕರೆಂಟಿನ ಗೊಡವೆಯೇ ಇರಲಿಲ್ಲ. ಒಂದೇ ತೊಡಕೆಂದರೆ, ಕೊಳವೆಯಲ್ಲಿ ನಿಂತ ತಣ್ಣೀರು ಮುಗಿದು ಬಿಸಿನೀರು ಇಳಿಯುವಷ್ಟರಲ್ಲಿ ಅರ್ಧ ಬಕೆಟ್ ತುಂಬುತ್ತದೆ. ಕಾವೇರಿಯಿಂದ ಪಂಪಿನಲ್ಲಿ ಎತ್ತಿ ತಂದ ಆ ನೀರಿಗೂ ಕರೆಂಟ್ ಖರ್ಚಾಗಿರುವುದರಿಂದ ಚೆಲ್ಲದೆ ಪಾತ್ರೆ ತೊಳೆಯಲು ಎತ್ತಿಡುತ್ತೇವೆ.

ಪೆಟ್ಟು ಬಿದ್ದದ್ದು ಆಷಾಢದಲ್ಲಿ. ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ ಒಂದು ಕಾಯಿಲ್ ಇರುತ್ತದೆ. ಜೋಡಿಸಲು ಬಂದವನು, ಸ್ವಿಚ್ ಹಾಕಿಯೇ ಇರಲಿ, ಅದೇ ನೋಡಿಕೊಳ್ಳುತ್ತದೆ ಎಂದಿದ್ದ, ನಾವೂ ನಂಬಿದೆವು. 100 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು 4 ಯೂನಿಟ್ ಬೇಕು. ಇಬ್ಬರೇ ಮನೆಯಲ್ಲಿದ್ದ ದಿನವೂ ಅದು ಇಡೀ ಟ್ಯಾಂಕನ್ನೇ ಕಾಯಿಸುತ್ತಿತ್ತು. ಮೂರನೆಯ ವಾರ ಮೀಟರ್ ನೋಡಿದರೆ, ನಮ್ಮ ಸೋಲಾರ್ ಹಳೆಯ ಗೀಸರಿನ ದುಪ್ಪಟ್ಟು ಕರೆಂಟ್ ತಿಂದಿತ್ತು.

ಈಗ ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದೇವೆ. ಮೋಡ ಕವಿದ ದಿನ 15 ಲೀಟರಿನ ಹಳೆಯ ಗೀಸರನ್ನೇ, ಸ್ನಾನಕ್ಕೆ ಹೋಗುವ ಕಾಲು ಗಂಟೆ ಮುಂಚೆ ಹಾಕುತ್ತೇವೆ.